ಒಂದು ದೊಡ್ಡ ಕನ್ನಡಿಯೋ, ಹಲವು ಸಣ್ಣ ಕಿಂಡಿಗಳೋ? ನಕ್ಷತ್ರವನ್ನು ಬಿಡಿಸಿ ನೋಡಲು ದಾರಿ ಆರಿಸಿಕೊಳ್ಳುವುದು ಹೇಗೆ

ಜನವರಿಯ ಒಂದು ರಾತ್ರಿ ಟೆರೇಸಿನ ಮೇಲೆ 8 ಇಂಚಿನ ಟೆಲಿಸ್ಕೋಪ್ ಇಟ್ಟು ಆರ್ದ್ರಾ ನಕ್ಷತ್ರ ತೋರಿಸುತ್ತಿದ್ದೆ. ಪಕ್ಕದ ಮನೆಯ ಹುಡುಗಿ ತುಂಬಾ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಅಂಕಲ್, ಇದು ಸೂರ್ಯನಿಗಿಂತ ನೂರಾರು ಪಟ್ಟು ದೊಡ್ಡದು ಅಂದ್ರಿ. ಮತ್ತೆ ಗುಂಡಗೆ ಯಾಕೆ ಕಾಣಲ್ಲ? ಇನ್ನೂ ದೊಡ್ಡ ಟೆಲಿಸ್ಕೋಪ್ ತಂದ್ರೆ ಕಾಣುತ್ತಾ?"

ಬಹಳ ಒಳ್ಳೆಯ ಪ್ರಶ್ನೆ. ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡುವವರೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ಸೂಕ್ಷ್ಮ ವಿವರ ಬೇಕು, ಯಾವ ದಾರಿ ಹಿಡಿಯಲಿ? ಒಂದೇ ದೊಡ್ಡ ಕನ್ನಡಿಯೋ, ದೂರ ದೂರ ಇಟ್ಟ ಸಣ್ಣ ಟೆಲಿಸ್ಕೋಪುಗಳ ಸಾಲೋ? (ಬೆಳಕು ಒಳಗೆ ಬರುವ ಸಣ್ಣ ಬಾಯಿಯನ್ನು ಇಲ್ಲಿ ಕಿಂಡಿ ಅಂದಿದ್ದೇನೆ.) ಇಲ್ಲಿ ಆ ಆಯ್ಕೆಯ ಬಗ್ಗೆ ಬರೆದಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ಒಳ್ಳೆಯ ಚಿತ್ರ" ಅಂದಾಗ ನಾವು ಮೂರು ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ. ಎಷ್ಟು ಸಣ್ಣದನ್ನು ಬಿಡಿಸಿ ತೋರಿಸುತ್ತದೆ ಅನ್ನುವುದು ಒಂದು. ಎಷ್ಟು ಮಂದ ಬೆಳಕಿನದು ಸಿಗುತ್ತದೆ ಅನ್ನುವುದು ಇನ್ನೊಂದು. ಸಿಕ್ಕಿದ ಆಕಾರ ಎಷ್ಟು ನಂಬಿಕಸ್ತ ಅನ್ನುವುದು ಮೂರನೆಯದು. ಬಿಡಿಸಿ ತೋರಿಸುವ ಶಕ್ತಿ ಬರುವುದು ದೂರದಿಂದ, ಅಂದರೆ ಕನ್ನಡಿಯ ಎರಡು ಅಂಚುಗಳ ನಡುವಿನ ಅಥವಾ ಎರಡು ಕಿಂಡಿಗಳ ನಡುವಿನ ಅಂತರದಿಂದ. ಮಂದ ಬೆಳಕು ಹಿಡಿಯುವ ಶಕ್ತಿ ಬರುವುದು ಒಟ್ಟು ವಿಸ್ತೀರ್ಣದಿಂದ. ಆಕಾರದ ಮೇಲಿನ ನಂಬಿಕೆ ಬರುವುದು ಎಷ್ಟು ಬೇರೆ ಬೇರೆ ಅಂತರಗಳನ್ನು, ಎಷ್ಟು ದಿಕ್ಕುಗಳಲ್ಲಿ ಅಳೆದಿದ್ದೀರಿ ಅನ್ನುವುದರಿಂದ. ದೊಡ್ಡ ಕನ್ನಡಿ ಮೂರನ್ನೂ ಒಟ್ಟಿಗೆ ಕೊಡುತ್ತದೆ. ಸಣ್ಣ ಕಿಂಡಿಗಳ ಸಾಲು ಮೊದಲನೆಯದನ್ನು ಧಾರಾಳವಾಗಿ ಕೊಟ್ಟು ಉಳಿದೆರಡರಲ್ಲಿ ಕೈ ಬಿಗಿ ಹಿಡಿಯುತ್ತದೆ. ನಿಮ್ಮ ಕೆಲಸಕ್ಕೆ ಈ ಮೂರರಲ್ಲಿ ಯಾವುದು ಸಾಲುತ್ತಿಲ್ಲ ಅಂತ ನೋಡಿಕೊಳ್ಳಿ. ಆಯ್ಕೆ ಅಲ್ಲಿಂದಲೇ ಶುರು.

ನಿಮಗೆ ಎಷ್ಟು ದೂರ ಬೇಕು?

ಇದು ಸುಲಭದ ಲೆಕ್ಕ. ಬೆಳಕಿನ ಅಲೆಯ ಉದ್ದವನ್ನು ಕನ್ನಡಿಯ ಅಗಲದಿಂದ ಭಾಗಿಸಿ, 1.22ರಿಂದ ಗುಣಿಸಿ. ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ಕೋನ ರೇಡಿಯನ್ ಲೆಕ್ಕದಲ್ಲಿ ಸಿಗುತ್ತದೆ, ಅದನ್ನು ಆರ್ಕ್‌ಸೆಕೆಂಡಿಗೆ ಬದಲಿಸಿ. ಹಸಿರು ಬೆಳಕಿನಲ್ಲಿ 10 ಸೆಂಟಿಮೀಟರ್ ಟೆಲಿಸ್ಕೋಪಿಗೆ ಸುಮಾರು 1.4 ಆರ್ಕ್‌ಸೆಕೆಂಡ್ ಬರುತ್ತದೆ. 10 ಮೀಟರ್ ಕನ್ನಡಿಗೆ ಅದರ ನೂರರಲ್ಲಿ ಒಂದು ಪಾಲು. ಒಂದು ಡಿಗ್ರಿಯಲ್ಲಿ 3,600 ಆರ್ಕ್‌ಸೆಕೆಂಡ್ ಇವೆ.

ಇದನ್ನೇ ತಿರುಗಿಸಿದರೆ ನಕ್ಷತ್ರದ ದುಂಡು ಗೊತ್ತಾಗಲು ಎರಡು ಕಿಂಡಿಗಳ ನಡುವೆ ಎಷ್ಟು ದೂರ ಬೇಕು ಅಂತ ತಿಳಿಯುತ್ತದೆ. ಆರ್ದ್ರಾಕ್ಕೆ ಸುಮಾರು 3 ಮೀಟರ್. ಲುಬ್ಧಕದ ಅಗಲ ಸುಮಾರು 6 ಮಿಲಿ ಆರ್ಕ್‌ಸೆಕೆಂಡ್, ಅದಕ್ಕೆ 23 ಮೀಟರ್ ಬೇಕು. ಅಭಿಜಿತ್‌ಗೆ 43 ಮೀಟರ್ ಆಸುಪಾಸು. ಒಂದು ಮಿಲಿ ಆರ್ಕ್‌ಸೆಕೆಂಡ್ ಅಂದರೆ ಎಷ್ಟು? 2 ಸೆಂಟಿಮೀಟರ್ ಅಗಲದ ನಾಣ್ಯವನ್ನು 4,000 ಕಿಲೋಮೀಟರ್ ಆಚೆ ಇಟ್ಟು ನೋಡಿದ ಹಾಗೆ. ಕಾಶ್ಮೀರದಿಂದ ಕನ್ಯಾಕುಮಾರಿಗೂ ಅಷ್ಟು ದೂರವಿಲ್ಲ.

ಹಾಗಾದರೆ ಹುಡುಗಿಯ ಪ್ರಶ್ನೆಗೆ ಉತ್ತರ "ಹೌದು, 3 ಮೀಟರ್ ಕನ್ನಡಿ ತಂದರೆ ಕಾಣುತ್ತದೆ" ಅಂತಾನಾ? ಇಲ್ಲ. ನಡುವೆ ಗಾಳಿ ಇದೆ.

ಬೇಸಿಗೆಯಲ್ಲಿ ಕಾದ ಟಾರು ರಸ್ತೆಯ ಮೇಲೆ ದೂರದ ಬಸ್ಸು ಅಲುಗಾಡುತ್ತಾ ಕಾಣುತ್ತದಲ್ಲ, ನಕ್ಷತ್ರದ ಬೆಳಕಿಗೂ ಅದೇ ಪಾಡು. ಸಾಧಾರಣ ರಾತ್ರಿಯಲ್ಲಿ ಗಾಳಿ ಒಂದೇ ಸಮನಾಗಿರುವುದು ಸುಮಾರು 10 ಸೆಂಟಿಮೀಟರ್ ಅಗಲದ ತುಣುಕಿನಲ್ಲಿ ಮಾತ್ರ. ಅದೂ ಕೆಲವು ಮಿಲಿಸೆಕೆಂಡ್ ಹೊತ್ತು. ಕನ್ನಡಿ ಅದಕ್ಕಿಂತ ಅಗಲವಾದರೆ ಬೆಳಕು ಜಾಸ್ತಿ ಸಿಗುತ್ತದೆ, ಆದರೆ ವಿವರ ಅಲ್ಲೇ ನಿಲ್ಲುತ್ತದೆ, ಸುಮಾರು 1 ಆರ್ಕ್‌ಸೆಕೆಂಡಿನ ಮಬ್ಬಿನಲ್ಲಿ. ಸಣ್ಣ ಕಿಂಡಿಗಳಿಗೆ ಬೆಲೆ ಬಂದದ್ದು ಇದರಿಂದಲೇ. 10 ಸೆಂಟಿಮೀಟರಿನ ಕಿಂಡಿಗೆ ಗಾಳಿ ಹೆಚ್ಚೇನೂ ಕಾಟ ಕೊಡುವುದಿಲ್ಲ.

ಕೈಯಲ್ಲಿ ಎರಡು ಸಣ್ಣ ಕನ್ನಡಿ

ಇದನ್ನು ಕಣ್ಣಾರೆ ತೋರಿಸಿದ್ದು 1920ರ ಡಿಸೆಂಬರ್ 13ರ ರಾತ್ರಿ, ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ. ಅಲ್ಲಿನ 100 ಇಂಚಿನ ಟೆಲಿಸ್ಕೋಪಿನ ಮೂತಿಗೆ 20 ಅಡಿ ಉದ್ದದ ಉಕ್ಕಿನ ತೊಲೆ ಕಟ್ಟಿದ್ದರು. ಭೌತವಿಜ್ಞಾನಿ ಮೈಕೆಲ್ಸನ್ ಅವರ ಯೋಜನೆ ಅದು. ತೊಲೆಯ ಮೇಲೆ ಎರಡು ಸಣ್ಣ ಕನ್ನಡಿಗಳು, ಬೇಕಾದಷ್ಟು ದೂರ ಸರಿಸಬಹುದು. ಎರಡರಿಂದ ಬಂದ ಬೆಳಕು ಒಂದೇ ಕಡೆ ಸೇರಿದಾಗ ಕಪ್ಪು ಬಿಳಿ ಪಟ್ಟಿಗಳು ಮೂಡುತ್ತವೆ. ಕನ್ನಡಿಗಳ ಅಂತರ ನಕ್ಷತ್ರದ ದುಂಡು ಗೊತ್ತಾಗುವಷ್ಟು ಆದಾಗ ಆ ಪಟ್ಟಿಗಳು ಮಾಯವಾಗುತ್ತವೆ. ಮೈಕೆಲ್ಸನ್ ಜೊತೆಗಾರ, ಖಗೋಳಜ್ಞ ಪೀಸ್ ಆ ರಾತ್ರಿ ಆರ್ದ್ರಾ ನೋಡುತ್ತಿದ್ದರು. ಕನ್ನಡಿಗಳ ಅಂತರ 121 ಇಂಚು ಇದ್ದಾಗ ಬೇರೆ ನಕ್ಷತ್ರಗಳಲ್ಲಿ ಪಟ್ಟಿಗಳು ಚೆನ್ನಾಗಿಯೇ ಕಂಡವು. ಆರ್ದ್ರಾದಲ್ಲಿ ಪಟ್ಟಿ ಇರಲೇ ಇಲ್ಲ. ಲೆಕ್ಕ ಹಾಕಿದರೆ ನಕ್ಷತ್ರದ ಅಗಲ 0.047 ಆರ್ಕ್‌ಸೆಕೆಂಡ್. ಸೂರ್ಯನನ್ನು ಬಿಟ್ಟರೆ ಒಂದು ನಕ್ಷತ್ರದ ಅಗಲವನ್ನು ಮನುಷ್ಯ ನೇರವಾಗಿ ಅಳೆದದ್ದು ಅದೇ ಮೊದಲು.

ಗಮನಿಸಿ, ಅವರಿಗೆ ಚಿತ್ರ ಸಿಗಲಿಲ್ಲ. ಒಂದು ಅಳತೆ ಸಿಕ್ಕಿತು. ನಿಮಗೆ ಬೇಕಾದದ್ದು ಅಗಲ ಮಾತ್ರವಾದರೆ, ಅಥವಾ ಜೋಡಿ ನಕ್ಷತ್ರಗಳ ನಡುವಿನ ಅಂತರ ಮಾತ್ರವಾದರೆ, ಎರಡು ಕಿಂಡಿ ಸಾಕು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಪ್ರಾಜೆಕ್ಟ್ ಮಾಡುವವರು ಮೊದಲಿಗೇ "ಚಿತ್ರ" ಬೇಕು ಅಂತ ಹೊರಟು ಸುಸ್ತಾಗುತ್ತಾರೆ.

ದೊಡ್ಡ ಕನ್ನಡಿಯೇ ಸಾಕಾಗುವ ಕಡೆ

ಗಾಳಿಯ ಕಾಟಕ್ಕೆ ಇನ್ನೊಂದು ಮದ್ದು ಇದೆ. ಗಾಳಿ ಕೆಡಿಸಿದ್ದನ್ನು ಬಾಗುವ ಕನ್ನಡಿಯಿಂದ ಸೆಕೆಂಡಿಗೆ ನೂರಾರು ಸಲ ಸರಿಮಾಡುತ್ತಾ ಹೋಗುವುದು. ಇದಕ್ಕೆ ಅಡಾಪ್ಟಿವ್ ಆಪ್ಟಿಕ್ಸ್ ಅನ್ನುತ್ತಾರೆ. 2019ರ ಕೊನೆಯಲ್ಲಿ ಆರ್ದ್ರಾ ಏಕಾಏಕಿ ಮಂಕಾಯಿತು, ನೆನಪಿದೆಯಲ್ಲ? ಆಗ ಚಿಲಿಯ ಪರಾನಾಲ್‌ನ 8.2 ಮೀಟರ್ ಟೆಲಿಸ್ಕೋಪಿಗೆ ಕೂರಿಸಿದ ಸ್ಫಿಯರ್ ಉಪಕರಣ ಅದರ ನೇರ ಚಿತ್ರ ತೆಗೆಯಿತು. ಅದೇ ವರ್ಷದ ಜನವರಿಯಲ್ಲಿ ತೆಗೆದಿದ್ದ ಚಿತ್ರದ ಪಕ್ಕ ಡಿಸೆಂಬರಿನ ಚಿತ್ರ ಇಟ್ಟರೆ ದಕ್ಷಿಣದ ಭಾಗ ಕಪ್ಪಾಗಿದ್ದು ಎದ್ದು ಕಾಣುತ್ತದೆ. ಅಂಥ ಕಡೆ ಒಂದೇ ಕನ್ನಡಿ ಸಾಕು. ಚಿತ್ರ ನೇರವಾಗಿ ಬರುತ್ತದೆ, ಊಹೆಯಿಂದ ತುಂಬಿಸುವುದು ಕಡಿಮೆ, ಮಂದ ವಸ್ತುಗಳೂ ಸಿಗುತ್ತವೆ.

ಆದರೆ ಆರ್ದ್ರಾದಷ್ಟು ಅಗಲ ಕಾಣುವ ನಕ್ಷತ್ರಗಳು ಬೆರಳೆಣಿಕೆ. ಅದಕ್ಕಿಂತ ಮುಂದೆ ಹೋಗಬೇಕಾದರೆ ಕನ್ನಡಿ ಬೆಳೆಯುತ್ತಲೇ ಹೋಗಬೇಕು. ಭಾರತವೂ ಪಾಲುದಾರನಾಗಿರುವ 30 ಮೀಟರ್ ಟೆಲಿಸ್ಕೋಪಿನ ಕನ್ನಡಿ 492 ತುಂಡುಗಳದ್ದು. ಅವುಗಳಲ್ಲಿ ಕೆಲವಕ್ಕೆ ಪಾಲಿಶ್ ಕೊಡಲು ನಮ್ಮ ಹೊಸಕೋಟೆ ಹತ್ತಿರ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಆವರಣದಲ್ಲಿ ಘಟಕ ಕಟ್ಟಿದ್ದಾರೆ. 30 ಮೀಟರಿಗೇ ಇಷ್ಟು ಸಾಹಸ. 300 ಮೀಟರ್ ಕನ್ನಡಿ ಯಾರೂ ಕಟ್ಟಲಾರರು. 300 ಮೀಟರ್ ದೂರದಲ್ಲಿ ಎರಡು ಟೆಲಿಸ್ಕೋಪ್ ಇಡುವುದು ಮಾತ್ರ ಆಗುವ ಕೆಲಸ.

ದೊಡ್ಡ ಕನ್ನಡಿಗೆ ತೂತಿನ ಮುಸುಕು

ಇವೆರಡರ ನಡುವೆ ಒಂದು ವಿಚಿತ್ರ ದಾರಿ ಇದೆ. ನನಗೆ ಬಹಳ ಇಷ್ಟವಾದದ್ದು. ದೊಡ್ಡ ಕನ್ನಡಿಯ ಬೆಳಕಿನ ದಾರಿಗೆ ತೂತು ಕೊರೆದ ತಗಡು ಅಡ್ಡ ಇಡುವುದು. ಬೆಳಕು ಹಾಳು ಮಾಡಿಕೊಂಡಂತೆ ಅಲ್ವಾ? ಹೌದು. ಜೇಮ್ಸ್ ವೆಬ್ ಟೆಲಿಸ್ಕೋಪಿನಲ್ಲಿರುವ 7 ತೂತುಗಳ ಮುಸುಕು ಸುಮಾರು 15% ಬೆಳಕನ್ನಷ್ಟೇ ಬಿಡುತ್ತದೆ. ಆದರೂ ಇಡುತ್ತಾರೆ. ತೂತುಗಳನ್ನು ಎಂಥ ಜಾಗದಲ್ಲಿ ಕೊರೆಯುತ್ತಾರೆ ಅಂದರೆ, ಯಾವ ಎರಡು ಜೋಡಿಗಳ ಅಂತರ ಮತ್ತು ದಿಕ್ಕೂ ಒಂದೇ ಆಗುವುದಿಲ್ಲ. 7 ತೂತಿಗೆ 21 ಜೋಡಿ. ಪ್ರತಿ ಜೋಡಿಯ ಪಟ್ಟಿಯನ್ನೂ ಬೇರೆ ಬೇರೆಯಾಗಿ ಗುರುತಿಸಿ ಓದಬಹುದು. ಪೂರ್ತಿ ತೆರೆದ ಕನ್ನಡಿಯಲ್ಲಿ ಒಂದೇ ಅಂತರದ ಸಾವಿರಾರು ಜೋಡಿಗಳು ಒಂದರ ಮೇಲೊಂದು ಬಿದ್ದು, ಅವುಗಳ ತಪ್ಪುಗಳೂ ಕಲಸಿಹೋಗುತ್ತವೆ.

ಹವಾಯಿಯ ಕೆಕ್ ಟೆಲಿಸ್ಕೋಪಿಗೆ ಇಂಥ ಮುಸುಕು ಹಾಕಿ ಡಬ್ಲ್ಯೂಆರ್ 104 ಅನ್ನುವ ನಕ್ಷತ್ರದ ಸುತ್ತ ಧೂಳು ಸುರುಳಿ ಸುರುಳಿಯಾಗಿ ಸುತ್ತುತ್ತಿರುವುದನ್ನು 1990ರ ದಶಕದ ಕೊನೆಯಲ್ಲಿ ಕಂಡರು. ನಿಮ್ಮ ವಸ್ತು ಪ್ರಕಾಶಮಾನವಾಗಿದ್ದು, ಅದಕ್ಕೆ ತೀರಾ ಹತ್ತಿರದಲ್ಲಿ ಏನೋ ಇದೆ ಅನ್ನುವ ಅನುಮಾನವಿದ್ದರೆ ಮುಸುಕು ಒಳ್ಳೆಯ ಆಯ್ಕೆ. ಮಂದ ಗ್ಯಾಲಕ್ಸಿಗಾದರೆ ಬೇಡ.

ತಗಡು ಬೇಡ ಅನ್ನುವವರಿಗೆ ಸ್ಪೆಕಲ್ ವಿಧಾನವಿದೆ. 1970ರಲ್ಲಿ ಫ್ರಾನ್ಸಿನ ಖಗೋಳಜ್ಞ ಲಾಬೆರಿ ತೋರಿಸಿಕೊಟ್ಟದ್ದು. ಗಾಳಿ ಅಲುಗುವ ಮೊದಲೇ ಸಾವಿರಾರು ಕ್ಷಣಮಾತ್ರದ ಚಿತ್ರ ತೆಗೆದು, ಆಮೇಲೆ ಲೆಕ್ಕದಲ್ಲಿ ಕೂಡಿಸುವುದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಕಾವಲೂರಿನ 2.34 ಮೀಟರ್ ವೇಣು ಬಾಪು ಟೆಲಿಸ್ಕೋಪಿನಲ್ಲಿ ಇದನ್ನು ಮಾಡಿದ್ದಾರೆ. ಸ್ವಂತ ಟೆಲಿಸ್ಕೋಪ್ ಇರುವ ಹವ್ಯಾಸಿಗೂ ಕೈಗೆಟಕುವುದು ಇದೇ.

ಬೇರೆ ಬೇರೆ ಟೆಲಿಸ್ಕೋಪ್, ಕೂಡಿಸಿದ ಬೆಳಕು

ಈಗ ವಿಷಯದ ಹೊಟ್ಟೆಗೆ ಬಂದೆವು. ಇಲ್ಲಿ ಸ್ವಲ್ಪ ನಿಲ್ಲೋಣ.

ರೇಡಿಯೋದವರಿಗೆ ಸಾಲು ಹೊಸದಲ್ಲ. ನಮ್ಮ ಗೌರಿಬಿದನೂರಿನಲ್ಲೇ 34.5 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡಿದ ಟಿ ಆಕಾರದ ಸಾಲು ಇತ್ತು. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 1.4 ಕಿಲೋಮೀಟರ್. ಅಲೆಯ ಉದ್ದ 8.7 ಮೀಟರ್ ಆದ್ದರಿಂದ ಅಷ್ಟು ದೊಡ್ಡ ಸಾಲಿಗೂ ಚಂದ್ರನ ಅಗಲಕ್ಕೆ ಹತ್ತಿರದ ವಿವರವಷ್ಟೇ ಸಿಗುತ್ತಿತ್ತು. ಆದರೆ ರೇಡಿಯೋದಲ್ಲಿ ಒಂದು ದೊಡ್ಡ ಅನುಕೂಲ. ಪ್ರತಿ ಆಂಟೆನಾದ ಸಿಗ್ನಲನ್ನು ಹಿಗ್ಗಿಸಬಹುದು, ನಕಲು ಮಾಡಬಹುದು, ಅಲೆಯ ಏರಿಳಿತ ಸಮೇತ ಬರೆದಿಟ್ಟು ಆಮೇಲೆ ಕೂಡಿಸಬಹುದು. ಬೆಳಕಿನಲ್ಲಿ ಅದು ಆಗುವುದಿಲ್ಲ. ಬೆಳಕನ್ನೇ ಕೊಳವೆಗಳಲ್ಲಿ ಹೊತ್ತು ತಂದು ಒಂದು ಮೇಜಿನ ಮೇಲೆ ಕೂಡಿಸಬೇಕು. ಎರಡೂ ದಾರಿಗಳ ಉದ್ದ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಲೆಕ್ಕದಲ್ಲಿ ಹೊಂದಬೇಕು. ಭೂಮಿ ತಿರುಗುತ್ತಿರುವುದರಿಂದ ಆ ಉದ್ದ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದಕ್ಕೇ ಕನ್ನಡಿ ಹೊತ್ತ ಗಾಡಿಗಳು ಹಳಿಯ ಮೇಲೆ ರಾತ್ರಿಯಿಡೀ ನಿಧಾನಕ್ಕೆ ಓಡುತ್ತಿರುತ್ತವೆ.

ಇನ್ನು ಗಾಳಿ. ಪ್ರತಿ ಟೆಲಿಸ್ಕೋಪಿನ ಮೇಲೂ ಬೇರೆ ಗಾಳಿ, ಆದ್ದರಿಂದ ಪ್ರತಿ ಜೋಡಿಯ ಪಟ್ಟಿಗಳೂ ಅತ್ತಿತ್ತ ಸರಿಯುತ್ತವೆ. ಪಟ್ಟಿ ಎಲ್ಲಿ ನಿಂತಿದೆ ಅನ್ನುವುದೇ ತಿಳಿಯದಿದ್ದರೆ ಚಿತ್ರ ಕಟ್ಟುವುದು ಹೇಗೆ? ಉಪಾಯ ಇರುವುದು ಮೂರರಲ್ಲಿ. ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ, ಮೂರೂ ಬಸ್ ನಿಲ್ದಾಣದ ಗಡಿಯಾರಗಳು ತಪ್ಪು ಅಂತ ಇಟ್ಟುಕೊಳ್ಳಿ. ಹೊರಟಾಗ ಹಾಸನದ ಗಡಿಯಾರ ನೋಡಿ, ಇಳಿದಾಗ ಅರಸೀಕೆರೆಯದು ನೋಡಿ ಬರೆದುಕೊಂಡರೆ ಪ್ರಯಾಣದ ಹೊತ್ತು ತಪ್ಪಾಗುತ್ತದೆ. ಆದರೆ ಮೂರೂ ಊರು ಸುತ್ತಿ ಹಾಸನಕ್ಕೇ ಬಂದು, ಮೂರು ಪ್ರಯಾಣದ ಹೊತ್ತನ್ನೂ ಕೂಡಿಸಿ ನೋಡಿ. ಪ್ರತಿ ಗಡಿಯಾರದ ತಪ್ಪು ಒಮ್ಮೆ ಸೇರಿ ಒಮ್ಮೆ ಕಳೆದುಹೋಗಿರುತ್ತದೆ. ಒಟ್ಟು ಹೊತ್ತು ಸರಿ ಬರುತ್ತದೆ. ಮೂರು ಟೆಲಿಸ್ಕೋಪುಗಳ ಪಟ್ಟಿಗಳನ್ನು ಸುತ್ತಿ ಕೂಡಿಸಿದರೂ ಹೀಗೇ. ಗಾಳಿಯ ತಪ್ಪು ಹೋಗಿ ನಕ್ಷತ್ರದ ಸಂಗತಿ ಉಳಿಯುತ್ತದೆ. ಇದನ್ನು ಕ್ಲೋಷರ್ ಫೇಸ್ ಅನ್ನುತ್ತಾರೆ. 1958ರಲ್ಲಿ ಜೆನಿಸನ್ ರೇಡಿಯೋಗೆ ಕಂಡುಹಿಡಿದದ್ದು. 1995ರಲ್ಲಿ ಕೇಂಬ್ರಿಡ್ಜ್‌ನ ಕೋಸ್ಟ್ ಸಾಲು ಇದೇ ಉಪಾಯದಿಂದ ಬ್ರಹ್ಮಹೃದಯದ (ಕೆಪೆಲ್ಲಾ) ಎರಡು ನಕ್ಷತ್ರಗಳನ್ನು ಬಿಡಿಸಿ ಚಿತ್ರ ಮಾಡಿತು. ಬೇರೆ ಬೇರೆ ಟೆಲಿಸ್ಕೋಪುಗಳಿಂದ ಕಾಣುವ ಬೆಳಕಿನ ಸೀಮೆಯಲ್ಲಿ ಬಂದ ಮೊದಲ ಚಿತ್ರ ಅದು. ಟೆಲಿಸ್ಕೋಪುಗಳ ಅಗಲ ಬರೀ 40 ಸೆಂಟಿಮೀಟರ್.

ಎಷ್ಟು ಟೆಲಿಸ್ಕೋಪ್ ಬೇಕು ಅನ್ನುವುದಕ್ಕೂ ಇಲ್ಲೇ ಉತ್ತರವಿದೆ. 3 ಇದ್ದರೆ 3 ಜೋಡಿ, 1 ತ್ರಿಕೋನ. ಫೇಸ್ ಮಾಹಿತಿಯ, ಅಂದರೆ ಪಟ್ಟಿ ಎಲ್ಲಿ ನಿಂತಿದೆ ಅನ್ನುವ ಮಾಹಿತಿಯ, ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. 6 ಇದ್ದರೆ 15 ಜೋಡಿ, ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. 2ರಿಂದ 3ಕ್ಕೆ, 3ರಿಂದ 6ಕ್ಕೆ ಹೋಗುವುದರಲ್ಲಿ ಇರುವ ಲಾಭ ಕನ್ನಡಿಯ ಅಗಲ ಹೆಚ್ಚಿಸುವುದರಲ್ಲಿ ಇಲ್ಲ. ಚಿತ್ರವೇ ಬೇಕು ಅನ್ನುವವರಿಗೆ ನನ್ನ ಸಲಹೆ: ಅಗಲಕ್ಕಿಂತ ಮೊದಲು ಎಣಿಕೆ ನೋಡಿ.

ಸಂಗೀತ ಕೇಳುವವರಿಗೆ ಇದು ಬೇಗ ಹಿಡಿಸುತ್ತದೆ. ಸ ಮತ್ತು ಪ ಎರಡೇ ಕೇಳಿದರೆ ರಾಗ ಯಾವುದು ಅಂತ ಯಾರೂ ಹೇಳಲಾರರು. ರಿ, ಗ, ದ ಸೇರಿದರೂ ಮೋಹನವೋ ಕಲ್ಯಾಣಿಯೋ ಅನ್ನುವ ಅನುಮಾನ ಉಳಿಯುತ್ತದೆ. ಮ, ನಿ ಕೇಳಿಸಿದಾಗಲೇ ಕಲ್ಯಾಣಿ ಅನ್ನುವುದು ಖಚಿತ. ಒಂದೊಂದು ಅಂತರದ ಜೋಡಿಯೂ ಒಂದೊಂದು ಸ್ವರದ ಹಾಗೆ. ಕೇಳದ ಸ್ವರಗಳನ್ನು ಕಂಪ್ಯೂಟರ್ ಊಹಿಸಿ ತುಂಬುತ್ತದೆ. ಆ ಊಹೆ ಎಷ್ಟು, ಅಳತೆ ಎಷ್ಟು ಅಂತ ಕೇಳದೆ ಯಾವ ಚಿತ್ರವನ್ನೂ ನಂಬಬೇಡಿ.

ಸದ್ಯ ಆರಿಸಿಕೊಳ್ಳಲು ಇರುವ ದೊಡ್ಡ ಸಾಲುಗಳು ಮೂರು. ಮೌಂಟ್ ವಿಲ್ಸನ್‌ನ ಚಾರಾದಲ್ಲಿ 1 ಮೀಟರಿನ 6 ಟೆಲಿಸ್ಕೋಪ್, ಅತಿ ದೂರದ ಅಂತರ 331 ಮೀಟರ್. ನಕ್ಷತ್ರದ ಮೈ ನೋಡಬೇಕೆಂದರೆ ನಾನು ಮೊದಲು ಹೇಳುವುದು ಇದನ್ನೇ. 2007ರಲ್ಲಿ ಶ್ರವಣ ನಕ್ಷತ್ರದ ಚಿತ್ರ ಬಂದದ್ದು ಇಲ್ಲಿಂದ. ವೇಗವಾಗಿ ಸುತ್ತಿ ಸುತ್ತಿ ನಡುವೆ ಉಬ್ಬಿ, ಉಬ್ಬಿದ ಕಡೆ ಮಂಕಾದ ನಕ್ಷತ್ರ. ಸೂರ್ಯನಂತೆ ಹೈಡ್ರೋಜನ್ ಉರಿಸುತ್ತಿರುವ ಬೇರೊಂದು ನಕ್ಷತ್ರದ ಮೈಯನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಬ್ರಹ್ಮಹೃದಯದ ಪಕ್ಕದ ಎಪ್ಸಿಲಾನ್ ಆರಿಗೇ ಅನ್ನುವ ನಕ್ಷತ್ರಕ್ಕೆ 27 ವರ್ಷಕ್ಕೊಮ್ಮೆ ಗ್ರಹಣ ಹಿಡಿಯುತ್ತದೆ. ಅಡ್ಡ ಬರುವುದು ಏನು ಅನ್ನುವುದು ತುಂಬಾ ಕಾಲ ಒಗಟಾಗಿತ್ತು. 2009ರ ಕೊನೆಯಲ್ಲಿ ಚಾರಾ ನೋಡಿದಾಗ, ತೆಳ್ಳಗಿನ ಕಪ್ಪು ತಟ್ಟೆಯೊಂದು ನಕ್ಷತ್ರದ ಮುಂದೆ ಸರಿಯುತ್ತಿರುವುದು ಕಂಡಿತು. 2 ಮಿಲಿ ಆರ್ಕ್‌ಸೆಕೆಂಡ್ ಅಗಲದ ಬಿಂದುವಿನ ಮೇಲೆ! ಆ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ಅರಿಜೋನಾದ ಎನ್‌ಪಿಒಐ ಇನ್ನೂ ಸಣ್ಣ ಕಿಂಡಿಗಳದ್ದು, 12 ಸೆಂಟಿಮೀಟರ್. ಅಂತರ 437 ಮೀಟರಿನವರೆಗೆ. ಪ್ರಕಾಶಮಾನ ನಕ್ಷತ್ರಗಳ ನಿಖರ ಅಳತೆಗೆ ಒಳ್ಳೆಯದು. ಇದರ ತದ್ವಿರುದ್ಧ ಪರಾನಾಲ್‌ನ ವಿಎಲ್‌ಟಿಐ. 8.2 ಮೀಟರಿನ 4 ಕನ್ನಡಿ, ಇಲ್ಲವೇ ಹಳಿಯ ಮೇಲೆ ಜಾಗ ಬದಲಿಸುವ 1.8 ಮೀಟರಿನ 4. ಒಂದು 8.2 ಮೀಟರ್ ಕನ್ನಡಿಯ ವಿಸ್ತೀರ್ಣ 12 ಸೆಂಟಿಮೀಟರ್ ಕಿಂಡಿಯ ಸುಮಾರು 4,670 ಪಟ್ಟು. ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪು ಕುಳಿಯ ಹತ್ತಿರ ಎಸ್2 ನಕ್ಷತ್ರ 2018ರ ಮೇ ತಿಂಗಳಲ್ಲಿ ಹಾದುಹೋದದ್ದನ್ನು ಹಿಂಬಾಲಿಸಲು ಅಷ್ಟು ವಿಸ್ತೀರ್ಣ ಬೇಕೇ ಬೇಕಿತ್ತು. ವಸ್ತು ಮಂದವಾದರೆ ಸಣ್ಣ ಕಿಂಡಿಗಳ ಆಸೆ ಬಿಡಿ.

ಇನ್ನೆರಡು ದಾರಿ, ಚುಟುಕಾಗಿ

ಬೆಳಕಿನ ಅಲೆಗಳನ್ನು ಕೂಡಿಸದೆ, ಎರಡು ಕಡೆ ಬೆಳಕಿನ ತೀವ್ರತೆ ಒಟ್ಟೊಟ್ಟಿಗೆ ಏರಿಳಿಯುತ್ತದೆಯೇ ಅಂತ ಮಾತ್ರ ನೋಡುವ ವಿಧಾನವಿದೆ. ಹ್ಯಾನ್‌ಬರಿ ಬ್ರೌನ್ ಮತ್ತು ಟ್ವಿಸ್ ಅವರದ್ದು. ಆಸ್ಟ್ರೇಲಿಯಾದ ನರಾಬ್ರಿಯಲ್ಲಿ 188 ಮೀಟರ್ ಅಗಲದ ವೃತ್ತಾಕಾರದ ಹಳಿಯ ಮೇಲೆ ಎರಡು 6.5 ಮೀಟರ್ ಪ್ರತಿಫಲಕಗಳನ್ನು ಓಡಿಸಿ 32 ನಕ್ಷತ್ರಗಳ ಅಗಲ ಅಳೆದರು. ಮೈಕ್ರಾನ್ ಲೆಕ್ಕದ ಹೊಂದಾಣಿಕೆ ಬೇಕಿಲ್ಲ, ಗಾಳಿಯ ಕಾಟವೂ ಇಲ್ಲ, ಕನ್ನಡಿ ಒರಟಾದರೂ ನಡೆಯುತ್ತದೆ. ನಷ್ಟ ಏನು ಅಂದರೆ ಬಿಸಿಯಾದ, ಬಹಳ ಪ್ರಕಾಶದ ನಕ್ಷತ್ರಗಳಿಗಷ್ಟೇ ಇದು ಸರಿ, ಫೇಸ್ ಮಾಹಿತಿ ಪೂರ್ತಿ ಹೋಗುತ್ತದೆ. ಗಾಮಾ ಕಿರಣ ನೋಡಲು ಕಟ್ಟಿದ ವೆರಿಟಾಸ್‌ನಂಥ ದೊಡ್ಡ ಸಾಲುಗಳಲ್ಲಿ ಈಗ ಇದಕ್ಕೆ ಮರುಹುಟ್ಟು ಬಂದಿದೆ.

ಇನ್ನೊಂದು ಡ್ರಾಗನ್‌ಫ್ಲೈ ಥರದ ಸಾಲು. ಕ್ಯಾಮೆರಾದ 400 ಮಿಲಿಮೀಟರ್ ಫೋಕಲ್ ಲೆಂತಿನ ಲೆನ್ಸುಗಳನ್ನು ಗುಂಪಾಗಿ ಕಟ್ಟಿ ಒಂದೇ ಕಡೆ ತಿರುಗಿಸುವುದು. "ಸಣ್ಣ ಲೆನ್ಸುಗಳ ಸಾಲು" ಅಂತ ಓದಿ ಇದರಿಂದಲೂ ಸೂಕ್ಷ್ಮ ವಿವರ ಸಿಗುತ್ತದೆ ಅಂತ ಹಲವರು ತಿಳಿಯುತ್ತಾರೆ. ಸಿಗುವುದಿಲ್ಲ. ಇಲ್ಲಿ ಚಿತ್ರಗಳನ್ನು ಕೂಡಿಸುತ್ತಾರೆ, ಅಲೆಗಳನ್ನಲ್ಲ. ವಿವರ ಒಂದು ಲೆನ್ಸಿನಷ್ಟೇ. ತೀರಾ ಮಸುಕಾದ, ಅಗಲವಾಗಿ ಹರಡಿದ ಗ್ಯಾಲಕ್ಸಿಗಳಿಗೆ ಮಾತ್ರ ಇದು ಅದ್ಭುತ.

ನೀವು ಎಲ್ಲಿಂದ ಶುರು ಮಾಡಬಹುದು

ಕಾಲೇಜಿನವರಾದರೆ ಉಪಕರಣ ಕಟ್ಟುವ ಮೊದಲು ಆಸ್ಪ್ರೋ 2 ಅನ್ನುವ ಫ್ರೆಂಚ್ ತಂತ್ರಾಂಶ ಇಳಿಸಿಕೊಳ್ಳಿ. ಉಚಿತ. ನಕ್ಷತ್ರದ ಹೆಸರು ಕೊಟ್ಟು, ಚಾರಾ ಅಥವಾ ವಿಎಲ್‌ಟಿಐ ಆರಿಸಿ, ಯಾವ ಟೆಲಿಸ್ಕೋಪ್ ಜೋಡಿ ಎಷ್ಟು ಕೊಡುತ್ತದೆ ಅಂತ ಮನೆಯಲ್ಲೇ ಕೂತು ನೋಡಬಹುದು. ಒಂದು ಸೆಮಿಸ್ಟರ್ ಪ್ರಾಜೆಕ್ಟಿಗೆ ಅದೇ ಸಾಕಷ್ಟು.

ಕೈಯಲ್ಲಿ 8 ಇಂಚಿನ ಟೆಲಿಸ್ಕೋಪ್ ಇದ್ದರೆ ರಟ್ಟು ತನ್ನಿ. ಮೂತಿಯ ಅಳತೆಗೆ ಕತ್ತರಿಸಿ 3 ಸೆಂಟಿಮೀಟರ್ ಅಗಲದ ಎರಡು ತೂತು ಮಾಡಿ, ಅವುಗಳ ಮಧ್ಯಬಿಂದುಗಳ ನಡುವೆ 7 ಸೆಂಟಿಮೀಟರ್ ಇರಲಿ. ಒಳಗಿನ ಸಣ್ಣ ಕನ್ನಡಿ ಅಡ್ಡ ಬರದಂತೆ ಒಂದು ಬದಿಗೆ ಕೊರೆಯಿರಿ. ಲುಬ್ಧಕಕ್ಕೆ ತಿರುಗಿಸಿ, 200 ಪಟ್ಟು ಹಿಗ್ಗಿಸಿ, ಹಸಿರು ಫಿಲ್ಟರ್ ಹಾಕಿ. ಗಾಳಿ ನಿಂತ ರಾತ್ರಿ ಆಗಬೇಕು.

ಆ ಹುಡುಗಿಗೂ ಹೀಗೇ ತೋರಿಸಿದೆ. ಮೊದಲು ಉಬ್ಬಿದ ಗುಂಡು ಬೆಳಕು ಕಂಡಿತು. ಕಣ್ಣು ಹೊಂದಿಕೊಂಡ ಮೇಲೆ ಅದರೊಳಗೆ ಐದಾರು ಸಣ್ಣ ಗೆರೆಗಳು, ಬಾಚಣಿಗೆಯ ಹಲ್ಲಿನ ಹಾಗೆ, ನಡುಗುತ್ತಾ. ರಟ್ಟು ತಿರುಗಿಸಿದರೆ ಗೆರೆಗಳೂ ತಿರುಗಿದವು. ಒಂದು ತೂತಿಗೆ ಅಂಗೈ ಮುಚ್ಚಿದಳು. ಗೆರೆ ಹೋಗಿ ಗುಂಡು ಮಾತ್ರ ಉಳಿಯಿತು. ಕೈ ತೆಗೆದಳು, ಮತ್ತೆ ಬಂದವು.

"ಇವು ಮಾಯವಾಗಬೇಕಂದ್ರೆ ತೂತು ಎಷ್ಟು ದೂರ ಇಡಬೇಕು ಅಂಕಲ್?" ಅಂತ ಕೇಳಿದಳು.

ಲುಬ್ಧಕಕ್ಕೆ 23 ಮೀಟರ್ ಅಂದೆ. ಅವಳು ತಿರುಗಿ, ನಮ್ಮ ಟೆರೇಸಿನಿಂದ ಬೀದಿಯ ಆಚೆಗಿನ ಟೆರೇಸಿನವರೆಗೆ ಕಣ್ಣಲ್ಲೇ ಅಳೆಯುತ್ತಾ ನಿಂತಳು.